ಹೊಳೆಗೆ ಬಿಟ್ಟ ಕೀಲಿಕೈ

ಸೀತಾಬಾಯಿಯವರ ಹದಿಮೂರನೆಯ ದಿನದ ಊಟ ಮುಗಿದ ಮರುದಿನ, ಬೆಳಗಿನ ಸಂಧ್ಯಾವಂದನೆ ಮುಗಿಸಿ, ಏಕನಾಥರಾಯರು ದೇವರ ಕೋಣೆಯ ಗೋಡೆಯ ಮಾಡದಿಂದ ಹೆಂಡತಿಯ ವಹಿಗಳ ಗಂಟನ್ನು ಇಳಿಸಿದರು. ಕೆಂಪು ವಸ್ತ್ರದಲ್ಲಿ ಕಟ್ಟಿದ ಮೂವತ್ತೆರಡು ವಹಿಗಳು. ಮದುವೆಯಾಗಿ ಸಂಶಿಗೆ ಬಂದ ವರ್ಷದಿಂದ ಆಸ್ಪತ್ರೆ ಸೇರಿದ ದಿನದವರೆಗೆ ಆಕೆ ನಿತ್ಯ ಸ್ನಾನವಾದ ಮೇಲೆ, ಬಾಯಿಗೆ ನೀರು ಹಾಕುವ ಮುಂಚೆ, ಮಸಿ ಪೆನ್ನಿನಿಂದ ರಾಮನಾಮ ಬರೆದಿದ್ದರು. ಆ ಮನೆತನದಲ್ಲಿ ನಾಮ ಬರೆದವರು ಹೋದ ಮೇಲೆ ವಹಿ ಮನೆಯಲ್ಲಿ ಉಳಿಯುವುದಿಲ್ಲ. ರದ್ದಿಗೆ ಹೋಗಬಾರದು, ಒಲೆಗೆ ಬೀಳಬಾರದು, ಹರಿಯುವ ನೀರಿಗೇ ಸೇರಬೇಕು. ರಾಯರ ತಾಯಿಯ ವಹಿಗಳೂ ಹಾಗೆಯೇ ಹೋಗಿದ್ದವು.

ಅಣ್ಣನ ಮಗ ಶಿಶಿರನ ಕಾರಿನಲ್ಲಿ ಮಲಪ್ರಭೆಯ ದಂಡೆಗೆ ಹೋದರು. ಫಾಲ್ಗುಣ ಮಾಸದ ಹೊಳೆ; ನಡುವೆ ನಿಂತರೂ ನೀರು ಮೊಣಕಾಲು ದಾಟುತ್ತಿರಲಿಲ್ಲ. ವಹಿಗಳು ಮುಳುಗಲೊಲ್ಲವು. ಶಿಶಿರ ಎರಡೆರಡು ವಹಿ ಸೇರಿಸಿ ಕಲ್ಲು ಕಟ್ಟಿ ಬಿಟ್ಟ. ಮಸಿ ನೀಲಿ ಹೊಗೆಯ ಹಾಗೆ ನೀರಿನಲ್ಲಿ ಬಿಟ್ಟುಕೊಂಡಿತು. ರಾಯರು ಅದು ತಿಳಿಯಾಗುವವರೆಗೆ ಕೈಮುಗಿದು ನಿಂತರು. ಆಸ್ಪತ್ರೆಯ ಗಡಿಬಿಡಿಯಲ್ಲಿ ಏನೇನೋ ಬಿಟ್ಟುಹೋಯಿತು, ಇದೊಂದು ಲೋಪವಿಲ್ಲದೆ ನಡೆಯಿತು ಎಂದು ಶಿಶಿರನಿಗೆ ಹೇಳಿದರು.

ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರನೆಯ ದಿನ, ಬಾಯಿ ಒಂದು ಕಡೆಗೆ ಸೊಟ್ಟಗಾಗಿದ್ದ ಸೀತಾಬಾಯಿ ಗಂಡನ ಕೈ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, "ನನ್ನ ವಹಿ ರುಬಿಯಾಗ ಕೊಡ್ರಿ" ಎಂದಿದ್ದರು. ಮಗ್ಗಲು ಬದಲಿಸಿದ ಮೇಲೆ ಮತ್ತೊಮ್ಮೆ ಅದನ್ನೇ ಹೇಳಿದ್ದರು. ರಾಯರು ಆಗಲಿ ಎಂದು ತಲೆ ಅಲ್ಲಾಡಿಸಿದ್ದರು. ಮಾಡದ ಮುಂದೆ ನಿಂತಾಗ ಆ ಮಾತು ನೆನಪಿಗೆ ಬರದೆ ಇರಲಿಲ್ಲ. ಆದರೆ ರಾಮನಾಮದ ವಹಿಯನ್ನು ನದಾಫರ ಮನೆಯ ಹುಡುಗಿಯ ಕೈಗೆ ಕೊಡುವುದೆಂದರೇನು? ಅವರು ಅದನ್ನು ಎಲ್ಲಿಟ್ಟಾರು? ಬಂದ ಬಳಗ ಏನೆಂದೀತು? ಜ್ವರದ ತಾಪದಲ್ಲಿ ಆಡಿದ ಮಾತು ಎಂದು ತಮಗೆ ತಾವೇ ಹೇಳಿಕೊಂಡರು. ಸೀತಾಬಾಯಿಗೆ ಜ್ವರ ಬಂದಿರಲಿಲ್ಲ.

ಸೀತಾಬಾಯಿ ಸಂಶಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದವರು. ಊರಿಗೆಲ್ಲ ಅಕ್ಕೋರು. ನಿವೃತ್ತಿಯಾದ ಮೇಲೆ ಅವರಿಗೆ ಒಂದು ಹುಚ್ಚು ಹತ್ತಿತು. ಬುತ್ತಿ ಕಟ್ಟಿಕೊಂಡು ಬಸ್ಸು ಹಿಡಿದು ಕುಬಿಹಾಳಕ್ಕೋ ತವರೂರು ಅಣ್ಣಿಗೇರಿಗೋ ಹೋಗಿ, ಮುದುಕಿಯರ ಮುಂದೆ ಕೂತು, ಬೀಸುವ ಪದ, ಜೋಗುಳ, ಸೋಬಾನೆಗಳನ್ನು ಮೊಬೈಲಿನಲ್ಲಿ ತುಂಬಿಕೊಂಡು ಬರುತ್ತಿದ್ದರು. ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ, ಯಾರ ಪದ, ಯಾವ ಊರು ಎಂದು ಬರೆದಿಡುತ್ತಿದ್ದರು. ಒಂಬತ್ತು ವರ್ಷದಲ್ಲಿ ಆರುನೂರಕ್ಕೂ ಮಿಕ್ಕಿ ಪದಗಳಾದವು. ರಾಯರು ಅವುಗಳಲ್ಲಿ ಒಂದನ್ನೂ ಕೂತು ಕೇಳಿರಲಿಲ್ಲ. ದಾಸರ ಪದ ಇರುವಾಗ ಬೀಸುಕಲ್ಲಿನ ಗೊಡವೆ ಏಕೆ ಎಂದು ನಗುತ್ತಿದ್ದರು.

ಅವುಗಳಲ್ಲೇ ದಾವೂದಸಾಬನ ಪದವೂ ಇತ್ತು. ದಾವೂದಸಾಬ ನದಾಫ ಗಾದಿ ತುಂಬುವವನು. ಮೊಹರಮ್ಮಿನಲ್ಲಿ ರಿವಾಯತ ಎಂಬ ಶೋಕದ ಪದ ಹಾಡುವವನು. ಹಬ್ಬದ ಕೊನೆಯ ದಿನದ ಹಿಂದಿನ ಕತ್ತಲ ರಾತ್ರಿ ಅಲಾವಿಯ ಬೆಂಕಿಕುಣಿಯ ಮುಂದೆ ಹಾಡುವ ನೀರಿನ ಪದ, 'ತುಂಬಿದ ಹೊಳಿ ಮುಂದ ತುಟಿ ಒಣಗಿ ನಿಂತಾವ' ಎಂದು ಶುರುವಾಗುವ ನಲವತ್ತು ನುಡಿಯ ಪದ, ಪೂರ್ತಿ ಬರುತ್ತಿದ್ದದ್ದು ಅವನೊಬ್ಬನಿಗೆ. ಅವನು ಹೋಗಿ ಎರಡು ವರ್ಷವಾಗಿತ್ತು. ಹಿಮ್ಮೇಳದಲ್ಲಿದ್ದ ಗಿರಣಿ ಶಂಕ್ರಪ್ಪನಿಗೆ ಹದಿನೇಳು ನುಡಿ ಮಾತ್ರ ಗೊತ್ತು. ದಾವೂದಸಾಬನ ಹೆಂಡತಿ ಜೈನಬಿಗೆ ಗಂಡನ ದನಿ ಕೇಳುವ ಧೈರ್ಯ ಇಷ್ಟು ದಿನ ಬಂದಿರಲಿಲ್ಲ. ಅಕ್ಕೋರ ಹತ್ತಿರ ಇದೆಯಲ್ಲ, ಬೇಕಾದಾಗ ಕೇಳಿದರಾಯಿತು ಎಂದುಕೊಂಡೇ ದಿನ ಕಳೆದಿದ್ದಳು.

ಚೈತ್ರ ಮಾಸದಲ್ಲಿ ಒಂದು ಸಂಜೆ ಜೈನಬಿ ಮೊಮ್ಮಗಳು ರುಬಿಯಾಳನ್ನು ಕರೆದುಕೊಂಡು ರಾಯರ ಮನೆಗೆ ಬಂದಳು. ರುಬಿಯಾ ಅಕ್ಕೋರ ಕೈಯಲ್ಲಿ ಓದಿದವಳು. ಬಸ್‌ಸ್ಟ್ಯಾಂಡಿನ ಬಾಜು ಅಂಗಡಿ ಇಟ್ಟುಕೊಂಡು ಜನರಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುತ್ತಿದ್ದಳು. ಅಕ್ಕೋರ ಲ್ಯಾಪ್‌ಟಾಪು ಸಂಕ್ರಾಂತಿಯ ಹೊತ್ತಿಗೇ ಕೆಟ್ಟು, ಅದರಲ್ಲಿದ್ದದ್ದೆಲ್ಲ ಹೋಗಿತ್ತು. ಮೊಬೈಲು ತುಂಬಿದಂತೆಲ್ಲ ಅಕ್ಕೋರೇ ಅದನ್ನು ಖಾಲಿ ಮಾಡುತ್ತಿದ್ದರು. ಆದರೂ ಚಿಂತೆಯಿಲ್ಲ, ಪದಗಳ ಇನ್ನೊಂದು ಪ್ರತಿ ಆನ್‌ಲೈನಿನಲ್ಲಿ ಭದ್ರವಾಗಿದೆ ಎಂದಳು ರುಬಿಯಾ. ಅದನ್ನು ಇಳಿಸಿಕೊಳ್ಳಲು ಅಕ್ಕೋರು ಬರೆದಿಟ್ಟ ಕೀಲಿಕೈಯೊಂದು ಬೇಕು. ಈ ಸಲದ ಮೊಹರಮ್ಮಿಗೆ ಅಜ್ಜನ ಪದ ಪೂರ್ತಿ ಹಾಡಿಸಬೇಕೆಂದು ಅಜ್ಜಿ ಹಟ ಹಿಡಿದಿದ್ದಾಳೆ.

ಎಂಥ ಕೀಲಿಕೈ ಎಂದು ರಾಯರು ಕೇಳಿದರು. ರುಬಿಯಾ ಮೊದಲಿನಿಂದ ಹೇಳಿದಳು. ನಾಲ್ಕು ವರ್ಷದ ಹಿಂದೆ ಕುಬಿಹಾಳದ ಮಲ್ಲಮ್ಮ ತನ್ನ ಗಂಡನ ಮನೆಯ ಸಂಕಟವನ್ನೆಲ್ಲ ಬೀಸುವ ಪದದಲ್ಲಿ ಹಾಡಿದ್ದಳು. ಅಕ್ಕೋರು ಆಗ ಪದಗಳನ್ನು ಆನ್‌ಲೈನಿನ ಮಾಮೂಲಿ ಜಾಗದಲ್ಲಿ ಇಡುತ್ತಿದ್ದರು. ಪಾಸ್‌ವರ್ಡ್ ಗೊತ್ತಿದ್ದ ಯಾರೋ ಅದನ್ನು ತೆಗೆದು ಹಂಚಿದರು. ನಾಲ್ಕು ದಿನದಲ್ಲಿ ಕುಬಿಹಾಳದ ಮೊಬೈಲಿನಲ್ಲೆಲ್ಲ ಮಲ್ಲಮ್ಮನ ಸಂಕಟ. ಅವಳ ಮಕ್ಕಳು ತಿಂಗಳುಗಟ್ಟಲೆ ತಾಯಿಯ ಜೊತೆ ಮಾತು ಬಿಟ್ಟರು. ಅಕ್ಕೋರು ಹೋಗಿ ಮಲ್ಲಮ್ಮನ ಕಾಲು ಹಿಡಿದು ಬಂದರು; ಬಂದವರೇ, ತನ್ನ ಹೊರತು ಯಾರೂ ತೆಗೆಯಲಾಗದ ಕೀಲಿ ಬೇಕು ಎಂದರು.

"ಎರಡೂ ಥರಾ ಬಿಡಿಸಿ ಹೇಳಿದ್ದೆರಿ ನಾನು," ಎಂದಳು ರುಬಿಯಾ. "ಕೀಲಿಕೈ ಪದ ಕಾಯೂ ಕಂಪನಿಯವರ ಕಡೆ ಇಟ್ಟರ, ನೀವು ಮರೆತರೂ ಅವರು ತೆಗೆದು ಕೊಡ್ತಾರ. ನಿಮ್ಮ ಕಡೆ ಇಟ್ಕೊಂಡ್ರ ಅವರಿಗೂ ಪದ ಕೇಳಾಕ ಬರೂದಿಲ್ಲ. ಆದ್ರ ನೀವು ಕಳಕೊಂಡ್ರ ಬ್ರಹ್ಮ ಬಂದರೂ ತೆರಿಯೂದಿಲ್ಲ ಅಂದೆ. ಬ್ರಹ್ಮನ್ನ ಯಾಕ ಕರೀತಿ, ನನ್ನ ಕಡೆನ ಇರಲಿ ಅಂದ್ರು ಅಕ್ಕೋರು."

ಮಷೀನು ಇಪ್ಪತ್ತನಾಲ್ಕು ಇಂಗ್ಲಿಷ್ ಶಬ್ದ ಕೊಟ್ಟಿತ್ತು. ಒಂದಕ್ಕೊಂದು ಸಂಬಂಧವಿಲ್ಲದವು, ಆದರೆ ಕ್ರಮ ತಪ್ಪಬಾರದು. ಅದೇ ಕೀಲಿಕೈ. ಫೋಟೋ ತೆಗೆಯಬೇಡಿರಿ, ಕಾಗದದ ಮೇಲೆ ಬರೆದು ಎರಡು ಕಡೆ ಇಡಿರಿ ಎಂದು ರುಬಿಯಾ ಹೇಳಿದ್ದಳು. ಅವಳೂ ಅದನ್ನು ನೋಡಿರಲಿಲ್ಲ. ಅಕ್ಕೋರು ಬರೆದುಕೊಳ್ಳುವಾಗ ಎದ್ದು ಹೊರಗೆ ನಿಂತಿದ್ದಳು.

"ಎರಡು ವಹಿಯೊಳಗ ಬರದೀನಿ, ನಮ್ಮನ್ಯಾಗ ಅವನ್ನ ಯಾರೂ ರದ್ದಿಗೆ ಹಾಕೂದಿಲ್ಲ ಅಂದಿದ್ರು," ಎಂದಳು. "ಯಾವ ವಹಿ ಅಂತ ನಾ ಕೇಳಲಿಲ್ಲ. ನಿಮಗೇನರ ಗೊತ್ತೇನ್ರಿ?"

ರಾಯರಿಗೆ ಆ ಕ್ಷಣವೇ ತಿಳಿಯಿತು. ಕೆಂಪು ವಸ್ತ್ರ, ಕಲ್ಲು, ನೀಲಿ ಮಸಿ ಎಲ್ಲ ಕಣ್ಣಿಗೆ ಕಟ್ಟಿತು. ನಾಲಿಗೆ ಮಾತ್ರ, "ನನಗೇನ ಗೊತ್ತಿಲ್ಲವಾ. ಹುಡುಕೂಣು," ಎಂದಿತು.

ಹುಡುಕಿದರು. ಮೂರು ದಿನ ಹುಡುಕಿದರು. ಶಾಲೆಯ ಹಳೆಯ ಟಿಪ್ಪಣಿಗಳು, ವಿಮೆಯ ಕಾಗದ, ಸೀರೆಯ ಕಪಾಟು, ಅಡುಗೆಮನೆಯ ಡಬ್ಬಿಗಳ ಹಿಂದೆ, ಹಾಸಿಗೆಯ ಕೆಳಗೆ. ರಾಯರೂ ಅವರ ಜೊತೆ ಮೊಣಕಾಲೂರಿ ಹುಡುಕಿದರು. ಸಿಗುವುದಿಲ್ಲವೆಂದು ಗೊತ್ತಿದ್ದೂ ಒಂದೊಂದು ವಹಿಯನ್ನು ಹಾಳೆ ಹಾಳೆಯಾಗಿ ತಿರುವಿದರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮನುಷ್ಯ ಇಂಥ ನಾಟಕ ಕಲಿಯಬಲ್ಲ ಎಂದು ಅವರಿಗೂ ಗೊತ್ತಿರಲಿಲ್ಲ. ದೇವರ ಕೋಣೆಯೊಳಕ್ಕೆ ಅಜ್ಜಿ ಮೊಮ್ಮಗಳು ಹೋಗಲಿಲ್ಲ. ಅಲ್ಲಿ ನಾನೇ ನೋಡುತ್ತೇನೆ ಎಂದು ರಾಯರು ಒಳಗೆ ಹೋಗಿ, ಖಾಲಿ ಮಾಡದ ಮುಂದೆ ಸ್ವಲ್ಪ ಹೊತ್ತು ನಿಂತು, ಹೊರಗೆ ಬಂದು, ಇಲ್ಲ ಎಂದರು.

ರುಬಿಯಾ ಕಂಪನಿಗೆ ಪತ್ರ ಬರೆದಳು. ಅಕ್ಕೋರು ತೀರಿಕೊಂಡದ್ದಕ್ಕೆ ದಾಖಲೆ ಕಳಿಸಿದಳು. ಎಂಟು ದಿನಕ್ಕೆ ಉತ್ತರ ಬಂತು. ನಿಮ್ಮ ದುಃಖದಲ್ಲಿ ನಾವೂ ಭಾಗಿ. ಪದಗಳ ಪೆಟ್ಟಿಗೆ ನಮ್ಮಲ್ಲಿ ಸುರಕ್ಷಿತವಾಗಿದೆ. ಆದರೆ ಅದರ ಕೀಲಿಕೈ ನಮ್ಮ ಹತ್ತಿರ ಎಂದೂ ಇರಲಿಲ್ಲ, ಆದ್ದರಿಂದ ತೆರೆಯಲು ನಮಗೂ ಸಾಧ್ಯವಿಲ್ಲ. ರುಬಿಯಾ ಅದನ್ನು ಓದಿ ಕನ್ನಡದಲ್ಲಿ ಹೇಳಿದಳು. ಅವರು ಸುಳ್ಳು ಹೇಳುತ್ತಿಲ್ಲ, ಅಕ್ಕೋರು ಬೇಡಿದ್ದೇ ಅಂಥದನ್ನು ಎಂದಳು. ಜೈನಬಿ ಎರಡು ಸಲ ಕೇಳಿದಳು: ಪದ ಅದರೊಳಗೆ ಇದೆಯೋ ಇಲ್ಲವೋ? ಇದೆ. ಹಾಗಿದ್ದರೆ ಯಾಕೆ ತೆರೆಯುವುದಿಲ್ಲ?

ಇದಕ್ಕೆ ಉತ್ತರ ಕೇಳಿ ಕೇಳಿ ಜೈನಬಿ ಮೊಮ್ಮಗಳ ಮೇಲೆ ಹರಿಹಾಯತೊಡಗಿದಳು. ರಾಯರ ಪಡಸಾಲೆಯಲ್ಲಿಯೇ, ಅವರ ಕಣ್ಣೆದುರಿಗೇ ಒಂದು ಸಲ ಅಂದಳು: "ನಿನ್ನ ಶ್ಯಾಣೇತನ ಸುಡ್ಲಿ. ನಿಮ್ಮಜ್ಜನ ಒಂದು ಸಲ ಮಣ್ಣಿಗಿಟ್ಟು ಬಂದ್ವಿ. ಎರಡನೇ ಸಲ ನೀ ಹುಗದಿ." ರುಬಿಯಾ ತಲೆ ತಗ್ಗಿಸಿ ಕೂತಳು. ರಾಯರು ನೆಲದ ಫರಸಿ ನೋಡುತ್ತ ಕೂತರು.

ಮಾತು ಮನೆಯಲ್ಲಿ ನಿಲ್ಲಲಿಲ್ಲ. ಶಂಕ್ರಪ್ಪನ ಗಿರಣಿಗೆ ಹಿಟ್ಟು ಬೀಸಿಸಲು ಬಂದವರಿಗೆಲ್ಲ ಅದೇ ಸುದ್ದಿ. ಮುದುಕಿ ಅಕ್ಕೋರಿಗೆ ಏನು ತಿಳಿಯಬೇಕು, ಈ ಹುಡುಗಿಯೇ ಇಲ್ಲದ ಕೀಲಿ ಹಾಕಿಸಿದಳು. ಕೀಲಿಕೈ ತನ್ನ ಹತ್ತಿರ ಇಟ್ಟುಕೊಂಡು ಆಟ ಆಡಿಸುತ್ತಿದ್ದರೂ ಇದ್ದೀತು. ಇಂಥವಳ ಕೈಗೆ ನಮ್ಮ ಕಾಗದಪತ್ರ ಕೊಡುವುದು ಹೇಗೆ? ಅರ್ಜಿ ತುಂಬಿಸಲು ಸಂಶಿಯ ಜನ ಕುಂದಗೋಳಕ್ಕೆ ಹೋಗತೊಡಗಿದರು. ರಾಯರು ಗಿರಣಿಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಕೇಳಿದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮನೆಗೆ ಬಂದು ಜಪಕ್ಕೆ ಕೂತರೆ ಮಣಿ ಮುಂದಕ್ಕೆ ಸರಿಯುತ್ತಿರಲಿಲ್ಲ.

ವೈಶಾಖದಲ್ಲಿ ಒಬ್ಬರೇ ಬಸ್ಸು ಹಿಡಿದು ಹೊಳೆಗೆ ಹೋದರು. ಬಿಟ್ಟ ಜಾಗದಲ್ಲಿ ನೀರೇ ಇರಲಿಲ್ಲ. ಒಣಗಿ ಬಿರುಕು ಬಿಟ್ಟ ಕೆಸರಿನಲ್ಲಿ ಕಲ್ಲುಗಳು ಸಿಕ್ಕವು, ಕಲ್ಲಿಗೆ ಸುತ್ತಿದ ಸುತಳಿಯೂ ಸಿಕ್ಕಿತು. ಸುತಳಿಯ ನಡುವೆ ಕಾಗದ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಪದರು ಬಿಡಿಸಿದರು. ಬಿಳಿ ಅಲ್ಲ, ಕಂದು. ಮಸಿಯ ಗುರುತೂ ಇಲ್ಲ. ರಾಮನಾಮವನ್ನು ಬಾಲ್‌ಪೆನ್ನಿನಿಂದ ಬರೆಯಬಾರದು, ಮಸಿಯಿಂದಲೇ ಬರೆಯಬೇಕು ಎಂದು ಹೊಸದಾಗಿ ಬಂದ ಹೆಂಡತಿಗೆ ಹೇಳಿದವರು ರಾಯರೇ. ಬಿಸಿಲು ನೆತ್ತಿಗೆ ಬರುವವರೆಗೆ ಪದರು ಬಿಡಿಸುತ್ತಲೇ ಕೂತರು. ಆಗ, ಮನೆಯಲ್ಲಿ ಓಡಾಡುತ್ತ ಕಿವಿಗೆ ಬಿದ್ದಿದ್ದ ಇನ್ನೊಂದು ಸಂಗತಿ ಹೊಳೆಯಿತು. ಪ್ರತಿಯೊಂದು ಪದದ ಮೊದಲಿಗೆ ಸೀತಾಬಾಯಿ ಹಾಡುವವರನ್ನು ಮಾತಾಡಿಸುತ್ತಿದ್ದರು: ನಿಮ್ಮ ಹೆಸರು ಹೇಳ್ರಿ, ಈ ಪದ ಯಾರ ಕಡೆ ಕಲಿತ್ರಿ? ಆರುನೂರು ಪದಗಳ ಮುಂದೆ ಆರುನೂರು ಸಲ ಅವರ ದನಿ ಇತ್ತು. ಅದನ್ನೂ ತಾವೇ ಹೊಳೆಗೆ ಹಾಕಿದ್ದರು.

ಜ್ಯೇಷ್ಠ ಮಾಸದಲ್ಲಿ ಒಂದು ಮುಂಜಾನೆ ರುಬಿಯಾ ಒಬ್ಬಳೇ ಬಂದಳು. ಅಕ್ಕೋರ ಮೊಬೈಲು ಇನ್ನೊಮ್ಮೆ ನೋಡುತ್ತೇನೆ ಎಂದಳು. ರಾಯರು ತರಲು ಒಳಗೆ ಹೋದರು. ದೇವರ ಕೋಣೆಯ ಬಾಗಿಲು ತೆರೆದಿತ್ತು. ಪಡಸಾಲೆಯಿಂದಲೇ ಮಾಡ ಕಾಣುತ್ತಿತ್ತು. ಮಾಡದಲ್ಲಿ ಮಡಿಚಿಟ್ಟ ಕೆಂಪು ವಸ್ತ್ರ ಮಾತ್ರ ಇತ್ತು. ರಾಯರು ಹೊರಗೆ ಬಂದಾಗ ಹುಡುಗಿ ಆ ಕಡೆಗೇ ನೋಡುತ್ತಿದ್ದಳು.

"ಅಕ್ಕೋರು ದಿನಾ ಬರಿಯೂ ವಹಿ ಎಲ್ಲಿರಿ ರಾಯರ?"

"ಹೊಳಿಗೆ ಬಿಟ್ವಿ."

ರುಬಿಯಾ ಕಂಬಕ್ಕೆ ಒರಗಿ ಕೂತಳು. ಆಮೇಲೆ ಮೆಲ್ಲಗೆ, "ಅಕ್ಕೋರು ಆಸ್ಪತ್ರ್ಯಾಗ ಏನೂ ಹೇಳಲಿಲ್ಲೇನ್ರಿ?" ಎಂದಳು.

ಅದೊಂದು ಬಾಗಿಲು ರಾಯರಿಗೆ ತೆರೆದಿತ್ತು. ಅವರು ಅದನ್ನೂ ಮುಚ್ಚಿದರು. "ಮಾತ ನಿಂತಿತ್ತವಾ ಅಕಿದು," ಎಂದರು.

ಹುಡುಗಿ ಎದ್ದು, ಮೊಬೈಲನ್ನು ಮುಟ್ಟದೆ ಹೊರಟುಹೋದಳು. ನಾಳೆ ಊರೆಲ್ಲ ಗೊತ್ತಾಗುತ್ತದೆ ಎಂದು ರಾಯರು ಕಾದರು. ಒಂದು ರೀತಿಯಲ್ಲಿ ಅದೇ ಆಗಲಿ ಎಂದೂ ಬಯಸಿದರು. ಏನೂ ಆಗಲಿಲ್ಲ. ನಾಲ್ಕು ದಿನದ ಮೇಲೆ ಗಿರಣಿಗೆ ಹೋದರೆ ಶಂಕ್ರಪ್ಪ ಮೊದಲಿನ ಹಾಗೆಯೇ ಹುಡುಗಿಯನ್ನು ಬೈಯುತ್ತಿದ್ದ. ಹೆಂಡತಿಯನ್ನು ಕಳೆದುಕೊಂಡ ಮುದುಕನ ಮೇಲೆ ಊರು ಬೀಳಬಾರದೆಂದು ಆ ಹುಡುಗಿ ಬಾಯಿ ಕಟ್ಟಿಕೊಂಡಿದ್ದಳು. ಅಂಗಡಿಯ ಮುಂದೆ ಹಾದುಹೋಗುವಾಗ ರಾಯರು ನೋಡಿದರು. ಬಾಗಿಲು ಅರ್ಧ ತೆಗೆದಿತ್ತು, ಒಳಗೆ ಗಿರಾಕಿ ಒಬ್ಬರೂ ಇರಲಿಲ್ಲ. ಅವಳು ಇವರನ್ನು ಕಂಡು ಎದ್ದು ನಿಂತು ನಮಸ್ಕಾರ ಮಾಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮೊಹರಮ್ಮಿನ ಚಂದ್ರ ಕಂಡ ಮರುದಿನ ಸಂಜೆ ಮಸೂತಿಯ ಮುಂದೆ ಅಲಾವಿಯ ಕುಣಿಗೆ ಗುದ್ದಲಿ ಹಾಕಿದರು. ಹಾಡುವವರೆಲ್ಲ ಕಟ್ಟೆಯ ಮೇಲೆ ಸೇರಿದ್ದರು. ನೀರಿನ ಪದವನ್ನು ಈ ವರ್ಷ ಕೈಬಿಡುವುದೋ, ಹದಿನೇಳು ನುಡಿಗೇ ನಿಲ್ಲಿಸುವುದೋ ಎಂದು ಮಾತು ನಡೆದಿತ್ತು. ಜೈನಬಿ ಗೋಡೆಯ ಬದಿಗೆ ಕೂತಿದ್ದಳು, ಪಕ್ಕದಲ್ಲಿ ರುಬಿಯಾ. ರಾಯರು ಕಟ್ಟೆಯ ಹತ್ತಿರ ಹೋಗಿ, ನಾನು ಒಂದು ಮಾತು ಹೇಳಬೇಕು ಎಂದರು. ಯಾರೋ ಕುರ್ಚಿ ತಂದಿಟ್ಟರು. ರಾಯರು ಕೂಡಲಿಲ್ಲ.

ಎಲ್ಲವನ್ನೂ ಹೇಳಿದರು. ವಹಿ ಹೊಳೆಗೆ ಬಿಟ್ಟದ್ದು, ಕೀಲಿಕೈ ಅದರಲ್ಲಿತ್ತೆಂದು ಗೊತ್ತಾದ ಮೇಲೂ ಹುಡುಕಿದಂತೆ ಮಾಡಿದ್ದು, ರುಬಿಯಾ ಕೇಳಿದಾಗ ಸುಳ್ಳು ಹೇಳಿದ್ದು. ಕೊನೆಗೆ ಆಸ್ಪತ್ರೆಯ ಮಾತಿಗೆ ಬಂದರು. "ಅಕಿ ಎರಡು ಸರ್ತಿ ಹೇಳಿದ್ಲು, ವಹಿ ರುಬಿಯಾಗ ಕೊಡ್ರಿ ಅಂತ. ನಾ ಹೂಂ ಅಂದಿದ್ದೆ. ಮುಸಲರ ಮನಿಗೆ ರಾಮನ ಹೆಸರು ಹೆಂಗ ಕೊಡ್ಲಿ ಅಂತ ಕೊಡಲಿಲ್ಲ. ಬ್ಯಾರೆ ಕಾರಣ ಏನೂ ಇರಲಿಲ್ಲ. ಈ ಹುಡಿಗೀದು ಕೂದಲಷ್ಟೂ ತಪ್ಪಿಲ್ಲ."

ರಾಯರು ಕಲ್ಲು ಬೀಳುವುದನ್ನು ಕಾಯುವವರ ಹಾಗೆ ನಿಂತಿದ್ದರು. ಶಂಕ್ರಪ್ಪ ಕೆಳಗಿಳಿದು ಬಂದು ಅವರ ತೋಳು ಹಿಡಿದ.

"ಬಿಡ್ರಿ ರಾಯರ. ದೇವರ ಹೆಸರು ಹೊಳಿಗೆ ಬಿಟ್ಟೀರಿ, ಹಿರ್ಯಾರು ಮಾಡಿದ್ದ ಮಾಡೀರಿ. ಅದ್ರಾಗ ತಪ್ಪೇನೈತಿ?"

ಉಳಿದವರೂ ಹೌದು ಹೌದು ಎಂದರು. ದುಃಖದಲ್ಲಿದ್ದಾಗ ಯಾರಿಗೆ ಏನು ಹೊಳೆಯುತ್ತದೆ ಎಂದನೊಬ್ಬ. ಇಷ್ಟು ಜನರ ಮುಂದೆ ಬಂದು ಹೇಳಿದಿರಲ್ಲ, ಅದು ದೊಡ್ಡತನ ಎಂದ ಇನ್ನೊಬ್ಬ. ನಾನು ಮಾತು ಮುರಿದೆ, ಸುಳ್ಳಾಡಿದೆ, ಎರಡೂವರೆ ತಿಂಗಳು ಈ ಹುಡುಗಿಯನ್ನು ನಿಮ್ಮ ಬಾಯಿಗೆ ಕೊಟ್ಟೆ ಎಂದು ರಾಯರು ಮತ್ತೆ ಹೇಳಿದರು. ಅವರು ಕೇಳಲಿಲ್ಲ. ತೋಳು ಹಿಡಿದು ಕುರ್ಚಿಯ ಮೇಲೆ ಕೂಡಿಸಿದರು. ಚಹಾ ತರಿಸಿದರು. ರುಬಿಯಾಳ ಕಡೆ ತಿರುಗಿ ಒಂದು ಮಾತು ಹೇಳಬೇಕೆಂದು ಅವರಲ್ಲಿ ಒಬ್ಬನಿಗೂ ಅನಿಸಲಿಲ್ಲ.

ಜೈನಬಿ ಗೋಡೆ ಹಿಡಿದು ಎದ್ದಳು. ಎಲ್ಲರನ್ನೂ ಒಮ್ಮೆ ನೋಡಿದಳು; ಆಮೇಲೆ ರಾಯರ ಮುಂದೆ ಬಂದು ನಿಂತಳು.

"ನೀವು ಹೊಳಿಗೆ ಬಿಟ್ಟಿದ್ದಕ್ಕ ನಾ ಏನೂ ಅನ್ನೂದಿಲ್ರಿ ರಾಯರ. ನಿಮ್ಮನಿ ದೇವರು, ನಿಮ್ಮ ಪದ್ಧತಿ. ನನ್ನ ಬಾಯಿಲೆ ನನ್ನ ಮೊಮ್ಮಗಳಿಗೆ, ಅಜ್ಜನ ಎರಡನೇ ಸಲ ನೀ ಹುಗದಿ ಅನಸಿದ್ರಿ. ನೀವು ಎದುರಿಗೇ ಕುಂತು ಕೇಳಿದ್ರಿ. ಅದನ್ನ ಯಾವ ಹೊಳಿಗೆ ಬಿಡ್ತೀರಿ ಹೇಳ್ರಿ?"

ಹಿರಿಯರಿಗೆ ಹೀಗೆ ಅನ್ನಬಾರದು ಎಂದು ಶಂಕ್ರಪ್ಪ ಮುದುಕಿಯನ್ನು ಗದರಿಸಿದ. ರುಬಿಯಾ ಅಜ್ಜಿಯ ಕೈ ಹಿಡಿದಳು. ಹೋಗುವ ಮೊದಲು ರಾಯರಿಗೆ, ತಗ್ಗಿದ ದನಿಯಲ್ಲಿ, "ಆ ಪೆಟಿಗಿ ಇನ್ನೂ ಅಲ್ಲೇ ಐತ್ರಿ. ಇಡೂದೋ, ಅಳಿಸಿ ಹಾಕೂದೋ, ನಿಮ್ಮನ್ನ ಕೇಳಬೇಕಂತ ಮಾಡಿದ್ದೆ," ಎಂದಳು. ರಾಯರು ಇರಲಿ ಎಂದರು. ಯಾತಕ್ಕೆ ಎಂದು ಅವಳು ಕೇಳಲಿಲ್ಲ. ಅಜ್ಜಿ ಮೊಮ್ಮಗಳು ಓಣಿಯ ತಿರುವಿನಲ್ಲಿ ಮರೆಯಾದರು.

ಗುದ್ದಲಿಯವರು ಮತ್ತೆ ಕೆಲಸ ಹಿಡಿದರು. ಹದಿನೇಳಕ್ಕೇ ನಿಲ್ಲಿಸೋಣ ಎಂದು ಯಾರೋ ಮಾತು ಮುಗಿಸಿದರು. ಚಹಾ ಆರುತ್ತದೆ, ಕುಡಿಯಿರಿ ಎಂದು ಶಂಕ್ರಪ್ಪ ಎರಡು ಸಲ ಹೇಳಿದ. ಅವನ ದನಿಯಲ್ಲಿ ನಿಜವಾದ ಪ್ರೀತಿ ಇತ್ತು. ರಾಯರು ಕಪ್ಪು ಎತ್ತಿ ಕುಡಿದರು. ಬಹಳ ಸಕ್ಕರೆ ಹಾಕಿದ್ದರು.